ನನ್ನ ಹೆಸರು ನಾನೇ ಹೇಳಿದ್ದು

ನನಗೆ ಉಗ್ಗು. ಹುಟ್ಟಿದ ಮುಂಡರಗಿಯಲ್ಲೂ ಮದುವೆ ಮಾಡಿ ಕೊಟ್ಟ ಲಕ್ಷ್ಮೇಶ್ವರದಲ್ಲೂ ಜನ ಬಹಳ ಒಳ್ಳೆಯವರು; ನಾನು ತಡವರಿಸಿದರೆ ಸಾಕು, ಮಾತನ್ನು ಅವರೇ ಮುಗಿಸಿಕೊಡುತ್ತಾರೆ. ಸಂತೆಯಲ್ಲಿ ಹೀರೇಕಾಯಿ ಕೇಳಲು ಹೋಗಿ ಮೊದಲ ಅಕ್ಷರಕ್ಕೇ ನಿಂತರೆ ಹಾಗಲಕಾಯಿ ಚೀಲಕ್ಕೆ ಬೀಳುತ್ತದೆ. ಅದನ್ನೇ ಮಾಡಿ ತಿಂದಿದ್ದೇನೆ. ನಮ್ಮ ಯಜಮಾನರಂತೂ ಮದುವೆಯಾದಾಗಿನಿಂದ ಅರ್ಧ ಮಾತು ನನ್ನದು, ಅರ್ಧ ತಮ್ಮದು ಎಂದುಕೊಂಡೇ ಸಂಸಾರ ಮಾಡಿದವರು. ಪ್ರೀತಿಯಿಂದಲೇ, ಅದು ಗೊತ್ತು. ಸಿಟ್ಟು ಬರುವುದೂ ಅದಕ್ಕೇ. ಪ್ರೀತಿ ಮಾಡುವವರ ಮೇಲೆ ಹರಿಹಾಯುವುದು ಹೇಗೆ?

ಎಲ್ಲಕ್ಕಿಂತ ಕಷ್ಟ ನನ್ನ ಹೆಸರು. ಬೇರೆ ಮಾತು ಸಿಕ್ಕಿಕೊಂಡರೆ ಅದರ ಬದಲು ಇನ್ನೊಂದು ಹುಡುಕಬಹುದು. ಹೆಸರಿಗೆ ಬದಲಿ ಎಲ್ಲಿಂದ ತರಲಿ?

ಹೋದ ವರ್ಷ ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸಲಾಗದಷ್ಟು ಕಣ್ಣು ಮಂಜಾದವು. ಗದುಗಿನ ಕಣ್ಣಿನ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲು ಮೊದಲು ಫೋನಿನಲ್ಲೇ ಪಾಳಿ ಹಚ್ಚಬೇಕು. ಅಲ್ಲಿ ಮಾತನಾಡುವುದು ಮನುಷ್ಯರಲ್ಲ, ಕಂಪ್ಯೂಟರು.

‘ನಿಮ್ಮ ಹೆಸರು ಹೇಳಿ’ ಎಂದಿತು, ಬೆಣ್ಣೆಯಂಥ ದನಿಯಲ್ಲಿ. ನಾನಿನ್ನೂ ಉಸಿರು ಕೂಡಿಸಿಕೊಳ್ಳುತ್ತಿದ್ದೆ, ಅಷ್ಟರಲ್ಲೇ ‘ಕ್ಷಮಿಸಿ, ಕೇಳಿಸಲಿಲ್ಲ’ ಎಂದಿತು. ಪಕ್ಕದಲ್ಲಿದ್ದ ಯಜಮಾನರು ಫೋನಿಗೆ ಬಾಯಿ ಹಚ್ಚಿ ನನ್ನ ಹೆಸರು ಕೂಗಿದರು. ಕಂಪ್ಯೂಟರು ಅವರಿಗೆ ಧನ್ಯವಾದ ಹೇಳಿತು. ನಾನು ಫೋನ್ ಇಟ್ಟುಬಿಟ್ಟೆ.

‘ಯಾಕ, ನಾ ಹೇಳಿದ್ನಲ್ಲ?’ ಎಂದರು. ಉತ್ತರ ಕೊಟ್ಟಿದ್ದರೂ ಅದನ್ನು ಅವರೇ ಮುಗಿಸುತ್ತಿದ್ದರು.

ಮರುದಿನ ಅವರು ಕೆಲಸದ ಮೇಲೆ ಶಿರಹಟ್ಟಿಗೆ ಹೋದಾಗ ಮತ್ತೆ ಫೋನ್ ಹಚ್ಚಿದೆ. ಕೇಳಿಸಲಿಲ್ಲ ಎಂದಿತು. ಮತ್ತೊಮ್ಮೆ ಹೆಣಗಿದೆ, ಮತ್ತೆ ಅದೇ ಮಾತು. ನಡುವೆ ಬಾಯಿ ಹಾಕುವವರು ಯಾರೂ ಇರಲಿಲ್ಲವಾದ್ದರಿಂದ ಅದರ ಮುಂದಿನ ಮಾತು ಈ ಸಲ ಕೇಳಿಸಿತು: ‘ನಿಧಾನವಾಗಿ ಹೇಳಿ. ಮುಗಿದ ಮೇಲೆ ನಕ್ಷತ್ರದ ಗುಂಡಿ ಒತ್ತಿ. ಅಲ್ಲಿಯವರೆಗೆ ಕಾಯುತ್ತೇನೆ.’

ಖರೇನೇ ಕಾಯಿತು. ನಾನು ಸಿಕ್ಕಿಕೊಂಡೆ, ಬಿಟ್ಟೆ, ಮತ್ತೆ ಹಿಡಿದೆ. ಆ ಕಡೆಯಿಂದ ಹೂಂ ಇಲ್ಲ, ಹಾಂ ಇಲ್ಲ. ಕೊನೆಗೊಮ್ಮೆ ಹೆಸರು ಪೂರಾ ಹೊರಗೆ ಬಂತು, ಗುಂಡಿ ಒತ್ತಿದೆ. ಅದು ನನ್ನ ಹೆಸರನ್ನು ಸರಿಯಾಗಿ ತಿರುಗಿ ಹೇಳಿ, ಸೋಮವಾರ ಬನ್ನಿ ಎಂದಿತು. ಒಬ್ಬಳೇ ಕೂತು ಅತ್ತೆ. ಆ ಯಂತ್ರಕ್ಕೆ ನನ್ನ ಮೇಲೇನು ಪ್ರೀತಿಯೇ? ಕಾಯಲು ಯಾರೋ ಹೇಳಿಕೊಟ್ಟಿದ್ದಾರೆ, ಅಷ್ಟೇ. ಹಾಗಾದರೆ ಮನುಷ್ಯರಿಗೂ ಹೇಳಿಕೊಡಬಹುದಲ್ಲ ಎನಿಸಿತು.

ಸಂಜೆ ಯಜಮಾನರು ಬಂದರು. ಚಹಾ ಕೊಟ್ಟು ಎದುರಿಗೆ ಕೂತೆ. ‘ನನ್ನ ಮಾತು ಮುಗಿಯೂತನಕ ನಡಕ ಬಾಯಿ ಹಾಕಬ್ಯಾಡ್ರಿ’ ಎಂದು ಹೇಳಿ ಮುಗಿಸುವುದಕ್ಕೇ ಸಾಕಷ್ಟು ಹೊತ್ತು ಹಿಡಿಯಿತು.

‘ಸೋಮವಾರ ದವಾಖಾನಿ ಪಾಳಿ ಸಿಕ್ಕೈತಿ. ನೀವು ಬ...’ ಎಂದು ನಿಂತೆ.

ಬರಬೇಡಿ ಎನ್ನುತ್ತೇನೆಂದು ಅವರು ಆಗಲೇ ತೀರ್ಮಾನಿಸಿದ್ದರು. ಮುಖ ಸಣ್ಣದಾಯಿತು. ತುಟಿ ಅಲುಗಿತು, ಆದರೂ ತಡೆದುಕೊಂಡರು.

‘ಬರ್ರಿ. ಬಾಜೂಕ ಕುಂಡ್ರಿ. ಡಾಕ್ಟರಿಗೆ ನಾನ ಹೇಳ್ತೀನಿ.’

‘ಆತು’ ಎಂದರು. ಚಹಾದ ಬಟ್ಟಲು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, ‘ಇಷ್ಟು ವರ್ಷ ನೀ ಏನೇನು ಹೇಳಾಕ ಹೊಂಟಿದ್ದಿ, ನನಗ ಒಂದೂ ಗೊತ್ತಿಲ್ಲ ನೋಡು’ ಎಂದರು.