ನಲವತ್ತೆಂಟು ಗಂಟೆಯ ಅಂಕಲ್

ಮೈಕಿನ ಮುಂದೆ ನಿಂತರೆ ಅವರ ಬೆನ್ನು ಕೊಡೆಯ ಹಿಡಿಯ ಹಾಗೆ ಬಾಗುತ್ತಿತ್ತು. ಆರಡಿ ಮೀರಿದ ಆಳು. ಆ ಸಭಾಂಗಣದ ಮೈಕನ್ನು ಕೈಯಲ್ಲಿ ಎಳೆದರೆ ಎಷ್ಟು ಬೇಕಾದರೂ ಮೇಲೆ ಬರುತ್ತಿತ್ತು, ಆದರೆ ಅವರು ಅದನ್ನು ಮುಟ್ಟುತ್ತಿರಲಿಲ್ಲ. ಕೈಗಳನ್ನು ಹಿಂದೆ ಕಟ್ಟಿಕೊಂಡು ತಾವೇ ಬಾಗುತ್ತಿದ್ದರು. ಮುಂಗೈ ತುಂಬ ಇಸ್ತ್ರಿಯ ಹಬೆ ತಗುಲಿ ಸುಟ್ಟ ಗೆರೆಗಳು. ಯಾಕೆ ಅಂಕಲ್, ಮೈಕ್ ಎತ್ತರ ಮಾಡಿಕೊಳ್ಳಬಾರದಾ ಎಂದು ಒಮ್ಮೆ ಕೇಳಿದೆ.

"ಮುಂದ ಬರೋರು ಗಿಡ್ಡ ಇದ್ರ ಅವರಿಗೆ ತ್ರಾಸಲ್ರೀ? ನಾ ಒಂದೀಟು ಬಗ್ಗಿದ್ರ ನನ್ನ ಗಂಟೇನು ಹೋಗ್ತದ?" ಎಂದರು.

ನಾನಾಗ ಹ್ಯೂಸ್ಟನ್ ಪಕ್ಕದ ಒಂದು ಕೌಂಟಿಯ ಕಚೇರಿಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಹೆಸರು ದೊಡ್ಡದು, ಆದರೆ ರಾಜ್ಯದ ರಾಜಧಾನಿ ಆಸ್ಟಿನ್‌ನಲ್ಲಿರುವ ಶಾಸನಸಭೆ ಅಧಿಕಾರ ಕೊಡದೆ ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡುವಂತಿಲ್ಲ. ಆ ಸಭೆ ಕೂಡುವುದೋ ಎರಡು ವರ್ಷಕ್ಕೊಮ್ಮೆ, ಅದೂ ಕೆಲವೇ ತಿಂಗಳು. ಹಾಗಾಗಿ ಈ ಸಲ ಆಸ್ಟಿನ್‌ನಲ್ಲಿ ಯಾವ ಯಾವ ಕಾನೂನು ಬದಲಿಸಿಕೊಡಿ ಎಂದು ಕೇಳಬೇಕು ಎನ್ನುವುದನ್ನು ಕೌಂಟಿ ಮುಂಚಿತವಾಗಿಯೇ ಪಟ್ಟಿ ಮಾಡಿಕೊಳ್ಳಬೇಕು. ರಸ್ತೆಯವರು, ಜೈಲಿನವರು, ಆರೋಗ್ಯ ಇಲಾಖೆಯವರು ತಮ್ಮ ತಮ್ಮ ಬೇಡಿಕೆ ಬರೆದು ಕಳಿಸುತ್ತಾರೆ. ಬೇಸಿಗೆಯಲ್ಲಿ ಒಂದು ದಿನ ಜನರನ್ನೂ ಕರೆದು ಕೇಳುತ್ತಾರೆ. ಜನ ಬರುವುದು ಅಷ್ಟಕ್ಕಷ್ಟೆ. ಪಕ್ಕದ ಮೇಜಿನಲ್ಲಿ ಕೂತು, ಒಬ್ಬೊಬ್ಬರಿಗೆ ಕೊಟ್ಟ ಮೂರು ನಿಮಿಷ ಮುಗಿದಾಗ ಗಂಟೆ ಬಾರಿಸುವುದು ನನ್ನ ಘನ ಉದ್ಯೋಗವಾಗಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ಬೇಸಿಗೆಯ ಸಭೆಗೆ ಅವರು ಬಂದರು. ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವರು ನಡುವೆ ಎಲ್ಲೋ ಒಂದು "ರೀ" ಬಿಟ್ಟುಬಿಟ್ಟರು. ನನ್ನ ಕಿವಿ ನಿಮಿರಿತು. ಪಕ್ಕದ ಶುಗರ್ ಲ್ಯಾಂಡ್ ಎಂಬ ಊರಿನಲ್ಲಿ ಡ್ರೈಕ್ಲೀನಿಂಗ್ ಅಂಗಡಿ ಇಟ್ಟುಕೊಂಡಿರುವ ಧಾರವಾಡದವರು ಎಂದು ಆಮೇಲೆ ತಿಳಿಯಿತು.

ಅವರು ಹೇಳಿದ್ದು ಇಷ್ಟು. ಅವರ ಹೆಂಡತಿ ಒಂದು ಶುಕ್ರವಾರ ಸಂಜೆ ತೀರಿಕೊಂಡಿದ್ದರು. ಟೆಕ್ಸಸ್ಸಿನಲ್ಲಿ ಜೀವ ಹೋಗಿ ನಲವತ್ತೆಂಟು ಗಂಟೆ ಕಳೆಯದೆ ದಹನ ಮಾಡುವಂತಿಲ್ಲ. ಕೌಂಟಿಯ ಜಡ್ಜ್ ಒಬ್ಬರು ಸಹಿ ಹಾಕಿಕೊಟ್ಟರೆ ಮಾತ್ರ ವಿನಾಯಿತಿ. ಶನಿವಾರ, ಭಾನುವಾರ ಜಡ್ಜ್ ಕಚೇರಿಯಲ್ಲಿ ಯಾರೂ ಫೋನು ಎತ್ತಲಿಲ್ಲ. ಸೋಮವಾರ ಚಿತಾಗಾರದಲ್ಲಿ ಬಿಡುವಿರಲಿಲ್ಲ. ಮಂಗಳವಾರದವರೆಗೆ ಆಕೆ ಶೀತಗೃಹದಲ್ಲಿ ಒಬ್ಬರೇ. ಒಳಗೆ ಹೋಗಿ ಪಕ್ಕದಲ್ಲಿ ಕೂರಲು ಇವರನ್ನು ಬಿಡಲಿಲ್ಲ. ಜಡ್ಜ್ ಇಲ್ಲದ ದಿನ ಕೌಂಟಿಯ ಬೇರೊಬ್ಬ ಅಧಿಕಾರಿ ಸಹಿ ಹಾಕುವಂತಾಗಬೇಕು, ಆಸ್ಟಿನ್‌ನಲ್ಲಿ ಇದನ್ನು ಕೌಂಟಿ ಕೇಳಬೇಕು. ನನಗೆ ಆದದ್ದು ಆಯಿತು, ಇನ್ನೊಬ್ಬರಿಗೆ ಆಗಬಾರದು ಎನ್ನುವಷ್ಟರಲ್ಲಿ ನಾನು ಗಂಟೆ ಬಾರಿಸಿದೆ. ಉಳಿದವರೆಲ್ಲ ಗಂಟೆಯಾದ ಮೇಲೂ ಎಳೆಯುತ್ತಾರೆ. ಇವರು ಅರ್ಧ ವಾಕ್ಯಕ್ಕೇ ನಿಲ್ಲಿಸಿ, ಥ್ಯಾಂಕ್ಯೂ ಹೇಳಿ, ಹೋಗಿ ಕೂತರು.

ನಮ್ಮಲ್ಲಿ ಪ್ರತಿ ಬೇಡಿಕೆಗೂ ಕೆಲವು ಪ್ರಶ್ನೆಗಳಿದ್ದವು. ಇದು ಕೌಂಟಿಯ ಕೆಲಸವೇ? ಖರ್ಚೆಷ್ಟು? ಯಾರು ವಿರೋಧಿಸುತ್ತಾರೆ? ಆಸ್ಟಿನ್‌ನಲ್ಲಿ ಇದನ್ನು ಹೊತ್ತುಕೊಳ್ಳುವ ಶಾಸಕರು ಇದ್ದಾರೆಯೇ? ಉತ್ತರ ನೋಡಿಕೊಂಡು, ಪಟ್ಟು ಹಿಡಿದು ಕೇಳುವಂಥವು, ಬೇರೆಯವರು ಕೇಳಿದರೆ ದನಿಗೂಡಿಸುವಂಥವು, ಸುಮ್ಮನೆ ಗಮನಿಸುತ್ತಿರುವಂಥವು ಎಂದು ಮೂರು ಪಾಲು ಮಾಡುತ್ತಿದ್ದೆವು. ಕೊನೆಗೆ ಕೌಂಟಿಯ ಚುನಾಯಿತ ಕಮಿಷನರುಗಳು ಕೂತು ಮತ ಹಾಕುತ್ತಿದ್ದರು. ಅಂಕಲ್ ಬೇಡಿಕೆ ಮೊದಲ ಸಲ ಯಾವ ಪಾಲಿಗೂ ಬರಲಿಲ್ಲ. ಇದು ಒಂದು ಸಮುದಾಯದ ಮಾತು, ಕೌಂಟಿಯ ಮಾತಲ್ಲ ಎಂದು ನನ್ನ ಮೇಲಧಿಕಾರಿ ತೆಗೆದಿಟ್ಟರು. ಅವರು ಕೆಟ್ಟವರಲ್ಲ, ಅವರ ಮುಂದೆ ಬೇಡಿಕೆಗಳ ರಾಶಿಯೇ ಇತ್ತು. ಎರಡು ವರ್ಷದ ಮೇಲೆ ಅದು "ಗಮನಿಸುವ" ಪಾಲಿಗೆ ಬಂತು. ಇದನ್ನು ಹೇಳಲು ನಾನೇ ಅಂಗಡಿಗೆ ಹೋದೆ. ಗಮನಿಸುವುದೆಂದರೆ ಏನೂ ಮಾಡದಿರುವುದು ಎಂದು ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದೆ. ಅವರೇ ಸುಲಭ ಮಾಡಿಕೊಟ್ಟರು.

"ತಿಳೀತ್ ಬಿಡ್ರಿ. ನಮ್ಮ ಅಂಗಡ್ಯಾಗೂ ಹಂಗ ಅದ. ಇವತ್ತು ಕೊಡೋವು ಮುಂದ. ನಾಳೆ ಕೊಡೋವು ನಡಕ. ಯಾರೂ ಒಯ್ಯಲಿಕ್ಕೆ ಬರಲಾರದ ಅರಿವಿ ಹಿಂದಿನ ಸಾಲಿನ್ಯಾಗ. ನಮ್ಮ ಮಾತು ಹಿಂದಿನ ಸಾಲಿನ್ಯಾಗ ಅದ, ಹೌದಲ್ಲೊ?"

ಹೌದು ಎಂದೆ.

"ಇರ್ಲಿ. ಒಗದ್ ಬಿಟ್ಟಿಲ್ಲಲ್ಲ. ಆ ಸಾಲನ್ನೂ ನಾ ವಾರಕ್ಕೊಮ್ಮೆ ಝಾಡಸ್ತೀನ್ರಿ."

ಅಲ್ಲಿಂದ ಆ ಅಂಗಡಿಗೆ ಹೋಗುವುದು ರೂಢಿಯಾಯಿತು. ರೇಷ್ಮೆ ಸೀರೆಯನ್ನು ಮುದ್ದೆ ಮಾಡಿ ತಂದರೆ ಬೈಯುತ್ತಿದ್ದರು. ನನ್ನ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಕೇಳಿಸದವರ ಹಾಗೆ ಬಟ್ಟೆ ಮಡಿಸುತ್ತಿದ್ದರು, ಕನ್ನಡ ಬಂದ ಮೇಲೆಯೇ ಚಾಕೊಲೇಟು. ಒಂದೇ ತಕರಾರು: ಹ್ಯೂಸ್ಟನ್ನಿನ ಬೇಸಿಗೆಯಲ್ಲಿ, ಒಳಗೆ ಹಬೆ ಏಳುತ್ತಿರುವಾಗಲೂ, ಆ ಅಂಗಡಿಯಲ್ಲಿ ಏಸಿ ಹಾಕುತ್ತಿರಲಿಲ್ಲ. ಗಿರಾಕಿಗಳು ಗೊಣಗಿದರೆ ಐದು ನಿಮಿಷ ಹಾಕಿ ಮತ್ತೆ ಆರಿಸಿಬಿಡುವರು. ಜಿಪುಣತನ ಎಂದೇ ನಾವೆಲ್ಲ ನಗಾಡುತ್ತಿದ್ದೆವು.

ಮೂರನೆಯ ಸಲ ಕಚೇರಿಯ ಚರ್ಚೆಯಲ್ಲಿ ನಾನು ಬಾಯಿ ಬಿಟ್ಟೆ. ಅಷ್ಟು ವರ್ಷ ಅಲ್ಲಿ ಕೂತು ಟಿಪ್ಪಣಿ ಬರೆದವಳು, ಒಂದು ಮಾತೂ ಆಡಿರಲಿಲ್ಲ. ಜಡ್ಜ್ ಕೌಂಟಿಯವರು, ಯಾರೂ ಎತ್ತದ ಫೋನು ಕೌಂಟಿಯದು, ಇದು ಕೌಂಟಿಯ ಮಾತು ಹೇಗಲ್ಲ ಎಂದೆ. ಮೇಲಧಿಕಾರಿ ನನ್ನನ್ನೇ ನೋಡಿ, ಸರಿ, ಹಾಗಾದರೆ ನೀನೇ ಬರೆದು ತಾ ಎಂದರು. ವಿರೋಧಿಸುವವರು ಯಾರು ಎಂಬಲ್ಲಿ "ಯಾರೂ ಇಲ್ಲ" ಎಂದು ಧೈರ್ಯವಾಗಿ ಬರೆದೆ. ಕಮಿಷನರುಗಳು ಒಪ್ಪಿದರು, ಬೇಡಿಕೆ ನಡುವಿನ ಪಾಲಿಗೆ ಏರಿತು, ಒಬ್ಬ ಶಾಸಕರು ಮಸೂದೆಯನ್ನೂ ಮಂಡಿಸಿದರು. ಆ ಕಚೇರಿಯಲ್ಲಿ ಇವತ್ತು ನನ್ನ ಮಾತಿಗೆ ಏನಾದರೂ ಬೆಲೆಯಿದ್ದರೆ ಅದು ಶುರುವಾದದ್ದು ಅವರಿಂದ.

ಮಸೂದೆಯ ವಿಚಾರಣೆಗೆ ಆಸ್ಟಿನ್‌ಗೆ ನನ್ನ ಕಾರಿನಲ್ಲೇ ಹೋದೆವು. ದಾರಿಗೆಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ಬೆಳಿಗ್ಗೆ ಹೋದವರನ್ನು ಕರೆದದ್ದು ಸಂಜೆ. ಬಾಗಿ ನಿಂತು ಹೇಳುವುದನ್ನು ಹೇಳಿದರು. ಸಮಿತಿಯ ಒಬ್ಬ ಸದಸ್ಯರು, ಒರಟಾಗಿ ಏನಲ್ಲ, ತಿಳಿಯುವುದಕ್ಕೆಂದೇ ಕೇಳಿದರು: "ಕಾಯುವುದರಿಂದ ನಿಮಗೆ ಆದ ತೊಂದರೆ ಏನು?"

ಅಂಕಲ್ ಮೈಕಿನ ಕಡೆ ಇನ್ನಷ್ಟು ಬಾಗಿದರು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದ್ದು ಇದು: "ನನಗೆ ತೊಂದರೆ ಇಲ್ಲ, ಸರ್. ಆಕೆಗೆ ಚಳಿ ತಡೆಯಲು ಆಗುತ್ತಿರಲಿಲ್ಲ. ಜುಲೈ ತಿಂಗಳಲ್ಲೂ ಸ್ವೆಟರ್ ಹಾಕುತ್ತಿದ್ದಳು. ಅಂಗಡಿಯಲ್ಲಿ ಏಸಿ ಹಾಕಲು ಬಿಡುತ್ತಿರಲಿಲ್ಲ. ಅಂಥವಳನ್ನು ನಾನು ಅಷ್ಟು ದಿನ ಅಲ್ಲಿ ಬಿಟ್ಟಿದ್ದೆ."

ಜಿಪುಣ ಎಂದು ನಕ್ಕಿದ್ದೆಲ್ಲ ನೆನಪಾಗಿ ನಾನು ತಲೆ ತಗ್ಗಿಸಿದೆ. ವಾಪಸು ಬರುವಾಗ ಅವರು ರೊಟ್ಟಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

ಮಸೂದೆ ಸಮಿತಿ ದಾಟಿತು, ಆದರೆ ಸಭೆಯಲ್ಲಿ ಅದರ ಸರದಿ ಬರುವ ಮುಂಚೆ ಅಧಿವೇಶನ ಮುಗಿಯಿತು. ಹಾಗಾದರೆ ಅಲ್ಲಿನವರು ಮಸೂದೆ ಸತ್ತಿತು ಎನ್ನುತ್ತಾರೆ. ಫೋನು ಮಾಡಿ ತಿಳಿಸಿದಾಗ ಅಂಕಲ್ ಕೇಳಿದರು: "ಅದನ್ನ ಸುಡಲಿಕ್ಕೂ ನಲವತ್ತೆಂಟು ತಾಸು ಕಾಯಬೇಕೇನ್ರಿ?"

ಆದರೆ ಅವರು ಹೇಳಿದ ಮಾತು ಪೋಲಾಗಲಿಲ್ಲ. ಆಸ್ಟಿನ್‌ಗೆ ಆ ದಿನ ಬಂದಿದ್ದ ನಮ್ಮ ಕೌಂಟಿಯ ಜಡ್ಜ್ ಒಬ್ಬರು ಉಳಿದವರ ಜೊತೆ ಮಾತಾಡಿ, ರಜಾದಿನಗಳಲ್ಲಿ ಸರದಿ ಪ್ರಕಾರ ಒಬ್ಬರು ಫೋನಿಗೆ ಸಿಗುವ ಏರ್ಪಾಡು ಮಾಡಿದರು. ಅದಕ್ಕೆ ಆಸ್ಟಿನ್‌ನ ಅಪ್ಪಣೆ ಬೇಕಿರಲಿಲ್ಲ. ಸಾವಾದ ಮನೆಗಳಿಂದ ಮೊದಲು ಅಂಕಲ್‌ಗೆ ಫೋನು ಹೋಗುತ್ತಿತ್ತು, ಅವರು ಜಡ್ಜ್‌ಗೆ ಮಾಡುತ್ತಿದ್ದರು. ಗುಜರಾತಿಗಳು, ತೆಲುಗರು, ನಮ್ಮವರು, ಎಷ್ಟೋ ಮನೆಯವರು ತಮ್ಮವರನ್ನು ಅದೇ ದಿನ ಕಳಿಸಿಕೊಟ್ಟರು. ನಮ್ಮ ಕಚೇರಿಯಲ್ಲೂ ಅವರಿಗೆ ನಲವತ್ತೆಂಟು ಗಂಟೆಯ ಯಜಮಾನರು ಎಂದೇ ಹೆಸರಾಯಿತು.

ಅದಾಗಿ ಎರಡು ವರ್ಷಕ್ಕೆ, ಒಂದು ಮಂಗಳವಾರ ಬೆಳಿಗ್ಗೆ, ಅಂಗಡಿಯ ಬೀಗ ತೆಗೆಯುತ್ತಿದ್ದವರು ಅಲ್ಲೇ ಕುಸಿದರು. ಆಸ್ಪತ್ರೆಯಲ್ಲಿ ಮಧ್ಯಾಹ್ನಕ್ಕೆ ಜೀವ ಹೋಯಿತು. ನನಗೆ ದುಃಖಕ್ಕಿಂತ ಮುಂಚೆ ಅವಸರ ಹತ್ತಿತು. ಜಡ್ಜ್‌ಗೆ ಫೋನು ಮಾಡಿದೆ. ಈಗಲೇ ಸಹಿ ಹಾಕುತ್ತೇನೆ, ಅವರಿಗೆ ಅಷ್ಟು ಮಾಡದಿದ್ದರೆ ಹೇಗೆ ಎಂದರು. ಸಂಜೆ ನಾಲ್ಕೈದು ಗಂಟೆ ದೂರದ ಫ್ರಿಸ್ಕೋದಿಂದ ಅವರ ಮಗ ಡ್ರೈವ್ ಮಾಡಿಕೊಂಡು ಬಂದ. ಎಲ್ಲ ಸಿದ್ಧವಾಗಿದೆ, ನಾಳೆ ಬೆಳಿಗ್ಗೆಯೇ ಮಾಡಬಹುದು ಎಂದೆ. ಅವನು ನೆಲ ನೋಡುತ್ತ ನಿಂತ.

"ಆಂಟಿ, ಶನಿವಾರ ಮಾಡೋಣ್ರಿ. ಅಕ್ಕಾ ಮೆಲ್ಬರ್ನ್‌ನಿಂದ ಬರಬೇಕು."

"ಅಷ್ಟು ದಿನ ಇಡಬಾರದು ಅಂತ ತಾನೇ ನಿಮ್ಮಪ್ಪ ಇಷ್ಟೆಲ್ಲ ಓಡಾಡಿದ್ದು?" ಎಂದೆ. ದನಿ ಸ್ವಲ್ಪ ಜೋರಾಗಿತ್ತೆಂದು ಕಾಣುತ್ತದೆ.

"ಐ ನೋ, ಆಂಟಿ. ಆದ್ರ ಅಮ್ಮ ಹೋದಾಗ ಲೇಟ್ ಆಗಿದ್ದಕ್ಕ ಅಕ್ಕಗ ಅಮ್ಮನ ಮುಖ ಸಿಕ್ತು. ಸೋಮವಾರ ರಾತ್ರಿ ಬಂದಿಳಿದ್ಲು. ಆವತ್ತೇ ಮಾಡಿದ್ರ ಆಕಿಗೆ ಬೂದಿನೇ ಸಿಗ್ತಿತ್ತು. ಈಗ ಅಪ್ಪನ್ನೂ ನೋಡಲಿಕ್ಕೆ ಆಗಲಿಲ್ಲಂದ್ರ..."

ಅಷ್ಟು ವರ್ಷ ಆ ವಿಷಯ ಮಾತಾಡಿದ್ದೆವು, ಅಂಕಲ್ ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಯಾರೂ ವಿರೋಧಿಸುವುದಿಲ್ಲ ಎಂದು ಬರೆದುಕೊಟ್ಟಿದ್ದೆನಲ್ಲ, ಆ ಕಾಯುವಿಕೆ ಬೇಕಿದ್ದವಳು ಅವರ ಮನೆಯಲ್ಲೇ ಇದ್ದಳು. ನಾನು ಹೊರಗೆ ಹೋಗಿ ಜಡ್ಜ್‌ಗೆ ಮತ್ತೆ ಫೋನು ಮಾಡಿ, ಸಹಿ ಬೇಡ ಎಂದೆ. ಅವರು ಕಾರಣ ಕೇಳಲಿಲ್ಲ.

ಬುಧ, ಗುರು, ಶುಕ್ರ. ಕಚೇರಿಯ ಏಸಿಯಲ್ಲಿ ಕೂತರೆ ಮೈಯೆಲ್ಲ ನಡುಗುತ್ತಿತ್ತು. ಅವರು ಯಾವುದನ್ನು ಯಾರಿಗೂ ಆಗಬಾರದು ಎಂದರೋ ಅದು ಅವರಿಗೇ ಆಗುತ್ತಿತ್ತು, ಅದೂ ಪ್ರೀತಿಯಿಂದಲೇ. ಯಾರನ್ನು ದೂರಲಿ?

ಶನಿವಾರ ಬೆಳಿಗ್ಗೆ ಮಗಳು ವಿಮಾನ ನಿಲ್ದಾಣದಿಂದ ನೇರವಾಗಿ ಬಂದಳು. ಅಪ್ಪನಷ್ಟೇ ಎತ್ತರ. ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದವಳು ನನ್ನನ್ನು ಕಂಡು, ಅಪ್ಪ ಫೋನಿನಲ್ಲಿ ಯಾವಾಗಲೂ ಹೇಳುತ್ತಿದ್ದ ಕೌಂಟಿಯ ಆಂಟಿ ನಾನೇ ಎಂದು ತಿಳಿದು, ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಬೆರಳು ಮಂಜಿನ ಹಾಗಿದ್ದವು.

"ಅಪ್ಪಾ ನನ್ನ ಸಲುವಾಗಿ ಕಾಯ್ದ್ರಲ್ರೀ, ಆಂಟಿ?"

"ಹೂಂ ಕಣಮ್ಮ. ಕಾದ್ರು. ನಿನಗೋಸ್ಕರನೇ ಕಾದ್ರು."

ಅವರ ಪರವಾಗಿ ನಾನು ಆಡಿದ ಎಷ್ಟೋ ಮಾತುಗಳಲ್ಲಿ ಅವರನ್ನು ಕೇಳದೆ ಆಡಿದ್ದು ಅದೊಂದೇ. ಕೇಳಿದ್ದರೆ ಒಪ್ಪುತ್ತಿದ್ದರು ಎಂದುಕೊಳ್ಳುತ್ತೇನೆ. ಹಾಗೆಂದುಕೊಂಡಾಗಲೆಲ್ಲ ನನಗೆ ಅಳು ಬರುತ್ತದೆ.