ಅರ್ಥವಿಲ್ಲದ ಮನೆ

ಅಂದು ಬೆಳಿಗ್ಗೆ ಗೋಕಾಕದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು, ನನ್ನ ಹೆಂಡತಿ, ಕಾಕಾ, ಕಾಕೂ ಇದ್ದೆವು. ಕಾರಿನ ಚಾರ್ಜರ್ ಕೂಡಿಸಲು ಹುಕ್ಕೇರಿಯಿಂದ ಬಂದ ವೈರ್‌ಮನ್ ಗೋಡೆಗೆ ಮುಖ ಮಾಡಿ ನಿಂತಿದ್ದ. ಹೊರಗೆ ಓಣಿಯಲ್ಲಿ ಹೊಸ ಕರೆಂಟ್ ಕಾರು ಕುಂಕುಮ ಹಚ್ಚಿಸಿಕೊಂಡು, ಮುನಿಸಿಕೊಂಡ ಬೀಗರ ಹಾಗೆ ಬಿಮ್ಮನೆ ನಿಂತಿತ್ತು.

ಅದನ್ನು ತಂದದ್ದು ಹೆಂಡತಿಗಾಗಿ. ಆಕೆ ಮೂಡಲಗಿಯಲ್ಲಿ ಶಿಕ್ಷಕಿ. ಮೊಣಕಾಲಿನ ಆಪರೇಶನ್ ಆದಮೇಲೆ ಬಸ್ಸಿನ ಮೆಟ್ಟಿಲು ಹತ್ತುವಾಗ ಆಕೆಯ ಮುಖ ನೋಡಲಾಗುತ್ತಿರಲಿಲ್ಲ. ಕಲ್ಲೋಳಿ ದಾಟುವ ತನಕ ಸೀಟೂ ಸಿಗದು. ಹೀಗೇ ನಡೆದರೆ ನೌಕರಿ ಬಿಡುತ್ತೇನೆ ಎಂದಿದ್ದಳು. ಕಾರು ಮಾರಿದ ಶೋರೂಮಿನವ, "ಮೊಬೈಲ್ ಚಾರ್ಜ್ ಮಾಡಿದಂಗ್ರಿ ಸರ್. ಪಿನ್ ಹಚ್ಚೂದು, ಮಲಗೂದು" ಎಂದು ಚಿಟಿಕೆ ಹೊಡೆದಿದ್ದ. ಆ ಚಿಟಿಕೆ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ವೈರ್‌ಮನ್ ಪಿನ್ ಹಚ್ಚಿದ. ಕೆಂಪು ದೀಪ. ತೆಗೆದು ಮತ್ತೆ ಹಚ್ಚಿದ. ಮತ್ತೆ ಕೆಂಪು. ನಮ್ಮ ಕಡೆ ತಿರುಗಿ ಅಂದ:

"ಈ ಮನಿಗೆ ಅರ್ಥ ಇಲ್ರಿ."

ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ಚಹಾ ಕುಡಿಯುತ್ತಿದ್ದ ಕಾಕಾ ಕಪ್ಪು ಕೆಳಗಿಟ್ಟ.

"ಏನಂದಿ? ನಾ ಕಲ್ಲ ಹೊತ್ತು ಕಟ್ಟಿಸಿದ ಮನಿಗೆ ಅರ್ಥ ಇಲ್ಲಾ?"

"ಆ ಅರ್ಥ ಅಲ್ರಿ ಅಜ್ಜಾರ, ಅರ್ಥಿಂಗ್. ವೈರ್ ಭೂಮಿಗೆ ಮುಟ್ಟಿಲ್ರಿ."

"ಮತ್ತ ಮನಿ ಏನ್ ಗಾಳ್ಯಾಗ ತೂಗಾಕತ್ತೈತೇನ?"

ಕಾಕೂ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ಸಿಡಿದೇ ಬಿಟ್ಟಿತು. "ಅಯ್ಯ, ಇಷ್ಟ ವರ್ಸ ನಾ ಹೇಳಿದ್ದೂ ಅದನ್ನ! ಈ ಮನ್ಯಾಗ ಯಾವುದಕ್ಕೂ ಅರ್ಥಿಲ್ಲ."

ವೈರ್‌ಮನ್ನನ ಮಾತನ್ನು ಕಾಕಾ ಮರೆಯುತ್ತಿದ್ದನೇನೋ. ಹೊರಗಿನವನ ಎದುರು ಹೆಂಡತಿ ನಕ್ಕದ್ದನ್ನು ಮರೆಯಲಿಲ್ಲ.

ಬೇಕಾದದ್ದು ಇಷ್ಟೇ: ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು, ಇದ್ದಿಲು ಹಾಕಿ, ಒಂದು ಪೈಪು ಹುಗಿಯುವುದು. ಆದರೆ ಮನೆಯ ಅರ್ಧದಲ್ಲಿ ನಾವು, ಅರ್ಧದಲ್ಲಿ ಅವರು; ಹಿತ್ತಲು ಇಬ್ಬರಿಗೂ ಒಂದೇ.

"ನನ್ನ ಹಿತ್ತಲದಾಗ ಗುದ್ದಲಿ ಬೀಳೂದಿಲ್ಲ," ಎಂದ ಕಾಕಾ. "ಅರ್ಥ ಇದ್ದ ಮನಿ ನೋಡ್ಕೊಳ್ರಿ. ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲಿಸ್ಯಾರ, ಶಾಣ್ಯಾರು!"

ಆ ಗಾದೆಯನ್ನು ನನಗೆ ಕಲಿಸಿದವನೇ ಅವನು. ಅದಕ್ಕೇ ಹೆಚ್ಚು ಚುಚ್ಚಿತು.

ಹಿತ್ತಲು ಬೇಡ, ಓಣಿಯ ಕಡೆಗೇ ಅರ್ಥಿಂಗ್ ಸಮೇತ ಬೇರೆ ಮೀಟರ್ ಕೊಡಿ ಎಂದು ಕರೆಂಟಿನ ಕಚೇರಿಗೆ ಹೋದೆ. "ಮನಿ ನಿಮ್ಮ ಕಾಕಾರ ಹೆಸರಿಗೆ ಐತ್ರಿ. ಅವರ ಬಂದು ಹೂಂ ಅನ್ಲಿ," ಎಂದರು, ಮುಖ ಎತ್ತದೆ. ರಸ್ತೆ ಬದಿಯ ಚಾರ್ಜಿಂಗ್ ಜಾಗಕ್ಕೆ ಹೋದರೆ ಕಬ್ಬಿನ ಟ್ರ್ಯಾಕ್ಟರ್ ಎರಡೂ ಟ್ರೇಲರ್ ಸಮೇತ ಅಡ್ಡ ನಿಂತಿರುತ್ತಿತ್ತು. ಸರಿಸಪ್ಪಾ ಎಂದರೆ ಡ್ರೈವರ್, "ನೆರಳ ಐತಂತ ನಿಂದರ್ಸೇನ್ರಿ. ಹಂಗ ಮುಂದ ಹೋಗಿ ಪೆಟ್ರೋಲ್ ಹಾಕ್ಕೊಂಡ್ ಬಿಡ್ರಲಾ," ಅನ್ನುತ್ತಿದ್ದ. ಯಾರ ಕೊರಳಪಟ್ಟಿ ಹಿಡಿಯಲಿ? ಹೊಗೆ ಬಿಡದ ಕಾರು ಕೊಳ್ಳಿರೆಂದು ಗೋಡೆಗೋಡೆಯ ಮೇಲೆ ಕರೆಯುತ್ತಾರೆ. ನಿನಗೆ ಹಿತ್ತಲಿದೆಯೇ, ಹಿತ್ತಲಿಗೊಬ್ಬ ಕಾಕಾ ಇದ್ದಾನೆಯೇ ಎಂದು ಒಬ್ಬನಾದರೂ ಕೇಳುತ್ತಾನೆಯೇ?

ಕಾರು ಓಣಿಯಲ್ಲಿ ಧೂಳು ತಿನ್ನುತ್ತಿತ್ತು. ಹೆಂಡತಿ ಮತ್ತೆ ಬಸ್ಸು ಹತ್ತಿದಳು. ಒಂದು ಸಂಜೆ ಬಂದವಳೇ ಬಾತ ಕಾಲನ್ನು ಕಾಕಾನ ಎದುರೇ ಚಾಚಿ ಕುಳಿತಳು. ಕಾಕಾ ಟಿವಿಯ ಸದ್ದು ಏರಿಸಿದ.

"ಕಾಕಾ, ಇನ್ನ ಈ ಮನ್ಯಾಗ ನಾವು ಇರೂದಿಲ್ಲ," ಎಂದೆ.

"ಬಾಗಲಾ ತೆರದೈತಿ," ಎಂದ.

ಮೂಡಲಗಿಯಲ್ಲಿ ಅಂಗಳವಿದ್ದ ಬಾಡಿಗೆ ಮನೆ ಹಿಡಿದೆವು. ಗುಂಡಿ ತೋಡಲು ಮಾಲೀಕರು ಒಪ್ಪಿದರು; ಪೈಪು ಹುಗಿದ ಮೇಲೆ ಚಾರ್ಜರಿನ ದೀಪ ಹಸಿರಾಯಿತು. ಹಾಲು ಉಕ್ಕಿಸಿದ ದಿನ ಕಾಕೂ ಒಬ್ಬಳೇ ಬಂದಳು. ಉಂಡು, ಕೋಣೆಗಳನ್ನೆಲ್ಲ ನೋಡಿ, ಹೊತ್ತು ಮುಳುಗುವ ಮೊದಲು ಹೊರಟಳು. ಹೆಂಡತಿಯೇ ಆಕೆಯನ್ನು ಕಾರಿನಲ್ಲಿ ಗೋಕಾಕದ ಓಣಿಯ ತನಕ ಬಿಟ್ಟು ಬಂದಳು.