ಬ್ರೆಜಿಲ್‌ಗೆ ಶ್ರದ್ಧಾಂಜಲಿ

ನನಗೆ ಫುಟ್‌ಬಾಲ್ ಅರ್ಥವಾಗುವುದಿಲ್ಲ. ಆದರೂ ಬೈಲಕುಪ್ಪೆ ಪಕ್ಕದ ನಮ್ಮ ಕೊಪ್ಪದ ಬ್ರೆಜಿಲ್ ಅಭಿಮಾನಿಗಳ ಸಂಘಕ್ಕೂ ಅರ್ಜೆಂಟೀನಾ ಅಭಿಮಾನಿಗಳ ಸಂಘಕ್ಕೂ ನಾನೇ ಗೌರವ ಸಲಹೆಗಾರ. ನಿವೃತ್ತ ಕನ್ನಡ ಮೇಷ್ಟ್ರು ಎಂಬುದೊಂದೇ ನನ್ನ ಅರ್ಹತೆ. ಫ್ಲೆಕ್ಸಿಗೆ ಒಕ್ಕಣೆ ಬರೆದುಕೊಡುವುದೇ ನಾನು ಕೊಡುವ ಸಲಹೆ.

ಬೈಲಕುಪ್ಪೆಯ ಮೈದಾನದಲ್ಲಿ ಟಿಬೆಟಿನ ಸನ್ಯಾಸಿಗಳು ಕೆಂಪು ನಿಲುವಂಗಿ ಎತ್ತಿ ಕಟ್ಟಿ ಚೆಂಡು ಒದೆಯುವುದನ್ನು ನೋಡುತ್ತ ಬೆಳೆದವರು ನಮ್ಮವರು. ಸಾಲದ್ದಕ್ಕೆ ಕೇರಳದ ಲಾರಿಯವರು ಬಾಳೆಕಾಯಿಯ ಜೊತೆ ಅಭಿಮಾನದ ರೀತಿನೀತಿಗಳನ್ನೂ ಇಲ್ಲಿ ಇಳಿಸಿ ಹೋದರು. ವಿಶ್ವಕಪ್ ಬಂತೆಂದರೆ ಅಧ್ಯಕ್ಷ, ಖಜಾಂಚಿ, ಬಾವುಟ ಎಲ್ಲ ಎದ್ದು ನಿಲ್ಲುತ್ತವೆ. ಫ್ಲೆಕ್ಸ್ ಮಾತ್ರ ಅಪ್ಪಟ ನಮ್ಮ ಸಂಪ್ರದಾಯ: ಅಧ್ಯಕ್ಷರ ಮುಖ ನಡುವೆ ದೊಡ್ಡದಾಗಿ, ಆಟಗಾರರು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು.

ಬ್ರೆಜಿಲ್ ಅಧ್ಯಕ್ಷ ಬೇಕರಿ ನಂಜುಂಡ. ಅರ್ಜೆಂಟೀನಾ ಅಧ್ಯಕ್ಷ, ಎದುರಿನ ಕ್ಷೌರದಂಗಡಿಯ ಮಾದೇವ. ಒಂದೇ ಬೆಂಚಿನಲ್ಲಿ ಕೂತು ಓದಿದವರು. ವಿಶ್ವಕಪ್ ಮುಗಿಯುವವರೆಗೆ ಮಾತು ಬಿಡುವುದು ಅವರ ರೂಢಿ. ಈ ಸಲ ಮಾದೇವನ ಬಾವುಟ ಬೇಕರಿಯ ಬೋರ್ಡನ್ನೇ ಮುಚ್ಚಿದ್ದರಿಂದ ನಂಜುಂಡ "ನಿನ್ ಅಂಗ್ಡಿ ಮೆಟ್ಲು ಇನ್ ತುಳ್ಯಾಕಿಲ್ಲ ಕಣ್ಲಾ" ಅಂದು, ಕ್ಷೌರಕ್ಕೆ ಪಿರಿಯಾಪಟ್ಟಣದ ಬಸ್ಸು ಹತ್ತಿದ. ಇವರ ಗೆಳೆತನ ಈ ವಿಶ್ವಕಪ್ ದಾಟುವುದು ಅನುಮಾನ ಅನ್ನಿಸಿತು. ನನಗೆ ನಂಜುಂಡನ ಟೀಯೂ ಬೇಕು, ಮಾದೇವನ ಕತ್ತಿಯೂ ಬೇಕು. ಹಾಗಾಗಿ ನಾನು ತಟಸ್ಥ.

ಬ್ರೆಜಿಲ್ ಸೋತಿತು. ಸೋತ ತಂಡಕ್ಕೆ ಎದುರಾಳಿಗಳು ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟುವುದು ವಾಡಿಕೆ. ಮಾದೇವ ಕೇಳಿದ, ನಾನು "ನಿಮ್ಮ ಅಗಲಿಕೆ ತುಂಬಲಾರದ ನಷ್ಟ" ಎಂದು ಬರೆದುಕೊಟ್ಟೆ. ಫ್ಲೆಕ್ಸ್ ಮಾಡುವವರ ಕಂಪ್ಯೂಟರಿನಲ್ಲಿ ಬ್ರೆಜಿಲ್ ಸಂಘದ ಹಳೆಯ ಫ್ಲೆಕ್ಸೇ ಇತ್ತು. ಅದರ ತಲೆಬರಹವನ್ನು "ಶ್ರದ್ಧಾಂಜಲಿ" ಎಂದು ಬದಲಿಸಿ, ನನ್ನ ಸಾಲು ಸೇರಿಸಿ, ಸುತ್ತ ಒಂದು ಹೂವಿನ ಹಾರ ಬಿಡಿಸಿ ಕೊಟ್ಟರು. ನಡುವೆ ನಂಜುಂಡ ನಗುತ್ತಲೇ ಇದ್ದ. ಅಧ್ಯಕ್ಷರ ಮುಖ ಅಲ್ಲಿರುವುದು ನಮಗೆಷ್ಟು ಅಭ್ಯಾಸವೆಂದರೆ, ಮಾದೇವ ತಾನೇ ಏಣಿ ಹತ್ತಿ ಕಟ್ಟಿದರೂ ಅದರಲ್ಲೇನೂ ತಪ್ಪು ಕಾಣಲಿಲ್ಲ. ಕೆಳಗೆ ಏಣಿ ಹಿಡಿದಿದ್ದ ನನಗೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಮಾದೇವನ ಕುರ್ಚಿಯಲ್ಲಿ ನನಗೆ ಅರ್ಧ ಗಡ್ಡ ಆಗಿತ್ತು. ನಂಜುಂಡನ ಅಕ್ಕ ಬೆಟ್ಟದಪುರದ ಬಸ್ಸಿನಿಂದ ಇಳಿದವರು, ಫ್ಲೆಕ್ಸ್ ನೋಡಿ "ಒಂದ್ ಮಾತ್ನೂ ಯೋಳ್ದೆ ಒಂಟೋದ್ಯಲ್ಲೋ ನನ್ನಪ್ಪಾ!" ಎಂದು ರಸ್ತೆಯಲ್ಲೇ ಕುಸಿದು ಕೂತರು.

ಫ್ಲೆಕ್ಸ್ ಮಾಡಿಸಿದವನು ಮಾದೇವ, ಕಟ್ಟಿದವನೂ ಅವನೇ. ಆದರೂ ಆ ಅಳು ಕಿವಿಗೆ ಬಿದ್ದದ್ದೇ ತಡ, ಕತ್ತಿ ಎಸೆದು, "ಲೇ ನಂಜಾ, ಸೋತಿದ್ಕೆ ಎದೆ ಒಡ್ಕೊಂಡ್ಯೇನ್ಲಾ!" ಎಂದು ಬೇಕರಿಗೆ ಓಡಿದ. ಒಂದು ಕೆನ್ನೆಯ ನೊರೆಯೊಂದಿಗೆ ನಾನೂ ಓಡಿದೆ. ನಂಜುಂಡ ಒಳಗೆ ಬನ್ನು ಕೊಯ್ಯುತ್ತಿದ್ದ. ಮಾದೇವ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ. ಹಿಂದೆಯೇ ಬಂದ ಅಕ್ಕ ಇಬ್ಬರಿಗೂ ಒಂದೊಂದು ಬಿಟ್ಟರು.

"ಬುಡ್ಲಾ, ಬದ್ಕಿವ್ನಿ" ಅಂದ ನಂಜುಂಡ. ಮೂರು ವಾರದಲ್ಲಿ ಅವನು ಮಾದೇವನಿಗೆ ಆಡಿದ ಮೊದಲ ಮಾತು.

ತಟಸ್ಥನೆಂದು ಬೀಗುತ್ತಿದ್ದ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಹೆಸರಿಗೆ ಹೀಗೆ ಕತ್ತಿ ಎಸೆದು ಓಡುವ ಎದುರಾಳಿ ಒಬ್ಬನೂ ಇಲ್ಲವಲ್ಲ! ಮತ್ತೆ ಕುರ್ಚಿಯಲ್ಲಿ ಕೂತವನೇ, "ಮಾದೇವ, ಇವತ್ತಿನಿಂದ ನಾನೂ ಬ್ರೆಜಿಲ್" ಎಂದೆ.

"ಸರಿ ಸಾರ್, ಅಂಗಾರೆ ಮಾತ್ ಬುಟ್ಟೆ" ಎಂದು ಮಾದೇವ ನನ್ನ ಇನ್ನೊಂದು ಕೆನ್ನೆಯನ್ನು ಮೆಲ್ಲಗೆ ತಿರುಗಿಸಿಕೊಂಡ.